ರಜಪೂತರು: ಮೂಲ, ಕುಲ, ಪರಂಪರೆ

ಮಧ್ಯಯುಗದ ಆರಂಭದಿಂದ ಇಪ್ಪತ್ತನೆಯ ಶತಮಾನದ ನಡುಭಾಗದವರೆಗೆ ಉತ್ತರ ಮತ್ತು ಪಶ್ಚಿಮ ಭಾರತದ ವಿಶಾಲ ಪ್ರದೇಶಗಳನ್ನು ಆಳಿದ ಯೋಧಕುಲಗಳನ್ನು ಒಟ್ಟಾಗಿ ರಜಪೂತರು ಎನ್ನುತ್ತಾರೆ. ರಾಜಸ್ಥಾನ ಇವರ ಮುಖ್ಯ ನೆಲೆ. ಬ್ರಿಟಿಷರ ಕಾಲದಲ್ಲಿ ಆ ಪ್ರಾಂತಕ್ಕೆ ರಜಪೂತಾನ ಎಂದೇ ಹೆಸರಿತ್ತು, ಆದರೆ ಅಲ್ಲಿಯೂ ಇವರು ಬಹುಸಂಖ್ಯಾತರಾಗಿರಲಿಲ್ಲ. ಗುಜರಾತ್, ಮಧ್ಯಪ್ರದೇಶ, ಉತ್ತರ ಪ್ರದೇಶ, ಬಿಹಾರ, ಹರಿಯಾಣ, ಹಿಮಾಚಲ, ಉತ್ತರಾಖಂಡ ಮತ್ತು ಜಮ್ಮುವಿನಲ್ಲಿ, ಗಡಿಯಾಚೆ ಸಿಂಧ್ ಮತ್ತು ಪಂಜಾಬ್ ಪ್ರಾಂತಗಳಲ್ಲಿ ರಜಪೂತ ಕುಲಗಳು ಹರಡಿವೆ. ಹೆಚ್ಚಿನವರು ಹಿಂದೂಗಳು, ಮುಸಲ್ಮಾನ ರಜಪೂತರೂ ಗಣನೀಯ ಸಂಖ್ಯೆಯಲ್ಲಿದ್ದಾರೆ.

ಹೆಸರಿನ ಮೂಲ ಸಂಸ್ಕೃತದ ‘ರಾಜಪುತ್ರ’. ಹಳೆಯ ಗ್ರಂಥಗಳಲ್ಲಿ ಅದಕ್ಕೆ ಅರಸುಮಗ ಎಂಬಷ್ಟೇ ಅರ್ಥ. ಹನ್ನೆರಡನೆಯ ಶತಮಾನದ ಹೊತ್ತಿಗೆ ಅರಸನಿಂದ ಊರು ಉಂಬಳಿ ಪಡೆದು ಕುದುರೆ ಸವಾರರನ್ನು ಸಾಕುತ್ತಿದ್ದ ಸಣ್ಣಪುಟ್ಟ ಒಡೆಯರಿಗೂ ಆ ಹೆಸರು ಸಲ್ಲತೊಡಗಿತು. ರಜಪೂತರ ಇತಿಹಾಸದ ತಿರುಳು ಇಲ್ಲೇ ಇದೆ. ಇವರದು ಒಂದು ದಿನ ಒಂದು ಕುಂಡದಿಂದ ಎದ್ದು ಬಂದ ಜನಾಂಗವಲ್ಲ. ಬೇರೆ ಬೇರೆ ಮೂಲದ ಕುಟುಂಬಗಳು ನೆಲ ಹಿಡಿದು, ಕೋಟೆ ಕಟ್ಟಿ, ಸರಿಸಮಾನರೊಡನೆ ಹೆಣ್ಣು ಕೊಟ್ಟು ತಂದು, ವಂಶಾವಳಿ ಬರೆಸಿಕೊಂಡು ಶತಮಾನಗಳ ಕಾಲದಲ್ಲಿ ಗಳಿಸಿದ ಸ್ಥಾನ ಅದು. ಹೀಗೆ ಗಳಿಸಿದ ಸ್ಥಾನವನ್ನು ಮುಂದಿನ ತಲೆಮಾರುಗಳು ಹುಟ್ಟಿನ ಹಕ್ಕೆಂದು ಕಾಯ್ದುಕೊಂಡವು.

ಅಗ್ನಿಕುಂಡದ ಕಥೆ, ಶಾಸನಗಳ ಸಾಕ್ಷ್ಯ

ರಜಪೂತರ ಮೂಲದ ಬಗ್ಗೆ ಎಲ್ಲಕ್ಕಿಂತ ಪ್ರಸಿದ್ಧವಾದದ್ದು ಆಬು ಪರ್ವತದ ಅಗ್ನಿಕುಂಡದ ಕಥೆ. ಪರಮಾರ ಅರಸ ಸಿಂಧುರಾಜನ ಆಸ್ಥಾನಕವಿ ಪದ್ಮಗುಪ್ತ ಹನ್ನೊಂದನೆಯ ಶತಮಾನದ ಆರಂಭದಲ್ಲಿ ಬರೆದ ‘ನವಸಾಹಸಾಂಕಚರಿತ’ದಲ್ಲಿ ಇದರ ಹಳೆಯ ರೂಪ ಸಿಗುತ್ತದೆ. ವಸಿಷ್ಠರ ಕಾಮಧೇನುವನ್ನು ವಿಶ್ವಾಮಿತ್ರ ಅಪಹರಿಸಿದಾಗ ವಸಿಷ್ಠರು ಹೋಮ ಮಾಡುತ್ತಾರೆ. ಕುಂಡದಿಂದ ಎದ್ದ ವೀರ ಶತ್ರುಗಳನ್ನು ಕೊಂದು ಹಸುವನ್ನು ಮರಳಿ ತಂದು ಪರಮಾರನೆನಿಸುತ್ತಾನೆ. ಇಲ್ಲಿ ಅಗ್ನಿಯಿಂದ ಹುಟ್ಟಿದ್ದು ಪರಮಾರ ಒಬ್ಬನೇ. ಚೌಹಾಣ, ಸೋಲಂಕಿ ಮತ್ತು ಪರಿಹಾರರನ್ನೂ (ಪ್ರತೀಹಾರರನ್ನು) ಸೇರಿಸಿ ನಾಲ್ಕು ಅಗ್ನಿಕುಲಗಳನ್ನು ಮಾಡಿದ್ದು ಶತಮಾನಗಳ ನಂತರ, ಚಂದ ಬರದಾಯಿಯ ಹೆಸರಿನಲ್ಲಿ ಬೆಳೆಯುತ್ತ ಹೋದ ‘ಪೃಥ್ವೀರಾಜ ರಾಸೋ’ ಕಾವ್ಯದ ದೊಡ್ಡ ಪಾಠಗಳಲ್ಲಿ.

ಆ ಕುಲಗಳು ತಮ್ಮದೇ ಶಾಸನಗಳಲ್ಲಿ ಹೇಳಿಕೊಂಡಿರುವುದು ಬೇರೆ. ಮಂಡೋರದ ಪ್ರತೀಹಾರ ಬಾವುಕನ 837ರ ಶಾಸನದ ಪ್ರಕಾರ ಮೂಲಪುರುಷ ಹರಿಚಂದ್ರ ಬ್ರಾಹ್ಮಣ. ಅವನಿಗೆ ಇಬ್ಬರು ಹೆಂಡಿರು. ಬ್ರಾಹ್ಮಣ ಹೆಂಡತಿಯ ಮಕ್ಕಳು ಪ್ರತೀಹಾರ ಬ್ರಾಹ್ಮಣರಾದರು, ಕ್ಷತ್ರಿಯ ಹೆಂಡತಿ ಭದ್ರೆಯ ಮಕ್ಕಳು ಆಳುವವರಾದರು. ಕನೌಜಿನ ಪ್ರತೀಹಾರರು ಗ್ವಾಲಿಯರ್ ಪ್ರಶಸ್ತಿಯಲ್ಲಿ ತಮ್ಮನ್ನು ರಾಮನ ಬಾಗಿಲು ಕಾಯ್ದ ಲಕ್ಷ್ಮಣನ ವಂಶಜರೆಂದು ಕರೆದುಕೊಂಡರು. ಮೇವಾಡದ ಗುಹಿಲರ 977ರ ಆಟಪುರ ಶಾಸನ ಮೂಲಪುರುಷ ಗುಹದತ್ತನನ್ನು ಆನಂದಪುರದ ಬ್ರಾಹ್ಮಣ ಕುಲದವನೆನ್ನುತ್ತದೆ. ಚೌಹಾಣರ ಬಿಜೋಲಿಯಾ ಶಾಸನ (1170) ಅವರ ಪೂರ್ವಜ ಸಾಮಂತನನ್ನು ವತ್ಸಗೋತ್ರದ ವಿಪ್ರನೆಂದು ಹೇಳುತ್ತದೆ. ಬ್ರಾಹ್ಮಣ ಮೂಲದ ನೆನಪು, ಸೂರ್ಯವಂಶದ ಹಂಬಲ, ಅಗ್ನಿಯ ಪವಾಡ, ಎಲ್ಲವೂ ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆ ಅಗತ್ಯಕ್ಕೆ ಮೂಡಿವೆ. ಇವನ್ನು ಸುಳ್ಳೆಂದು ಪಕ್ಕಕ್ಕಿಡುವುದು ತಪ್ಪು. ಹೊಸದಾಗಿ ಅಧಿಕಾರಕ್ಕೆ ಬಂದ ಮನೆತನ ಯಾರ ಎದುರಿಗೆ, ಯಾವ ಕಾರಣಕ್ಕೆ ಮಾನ್ಯತೆ ಬಯಸುತ್ತಿತ್ತು ಎಂಬುದನ್ನು ತಿಳಿಯಲು ಇವುಗಳಿಗಿಂತ ಒಳ್ಳೆಯ ದಾಖಲೆ ಇಲ್ಲ.

ಕನ್ನಡ ಓದುಗರು ಗಮನಿಸಬೇಕಾದ ಶಾಸನ ಇನ್ನೊಂದಿದೆ. ಗುಜರಾತಿನ ಹರ್ಸೋಲದಲ್ಲಿ ಸಿಕ್ಕ, 949ರಲ್ಲಿ ಪರಮಾರ ಎರಡನೆಯ ಸೀಯಕ ಹೊರಡಿಸಿದ ತಾಮ್ರಪಟಗಳು ಮೊದಲು ಮಾನ್ಯಖೇಟದ ರಾಷ್ಟ್ರಕೂಟ ಅರಸರಾದ ಅಮೋಘವರ್ಷ ಮತ್ತು ಅಕಾಲವರ್ಷರನ್ನು ಹೆಸರಿಸಿ, ‘ಆ ಕುಲದಲ್ಲಿ’ ಪರಮಾರ ಬಪ್ಪೈರಾಜ ಹುಟ್ಟಿದನೆನ್ನುತ್ತವೆ. ಹೆಣ್ಣಿನ ಕಡೆಯ ನಂಟು ಇದ್ದೀತೆಂದು ಕೆಲವು ವಿದ್ವಾಂಸರು, ಒಡೆಯರ ಹಿರಿಮೆಯಲ್ಲಿ ಪಾಲು ಬಯಸಿದ ಸಾಮಂತನ ಮಾತಷ್ಟೇ ಎಂದು ಮತ್ತೆ ಕೆಲವರು ವಾದಿಸಿದ್ದಾರೆ. ಎರಡನೆಯ ವಾದವೇ ಹೆಚ್ಚು ಸಮಂಜಸವಾಗಿ ಕಾಣುತ್ತದೆ. ಏಕೆಂದರೆ ಅದೇ ಸೀಯಕ 972ರಲ್ಲಿ ಮಾನ್ಯಖೇಟವನ್ನು ಕೊಳ್ಳೆ ಹೊಡೆದ. ಪರಮಾರರ ಮಾಳವ ಸೈನ್ಯ ನಗರವನ್ನು ಲೂಟಿ ಮಾಡಿದ ಆ ವರ್ಷವೇ ತನ್ನ ಪ್ರಾಕೃತ ನಿಘಂಟು ರಚಿತವಾಯಿತೆಂದು ಕವಿ ಧನಪಾಲ ದಾಖಲಿಸಿದ್ದಾನೆ. ಅಗ್ನಿಕುಂಡದ ಕಥೆ ಬರೆಹಕ್ಕೆ ಇಳಿದದ್ದು ಇದಾದ ಮೇಲೆ, ರಾಷ್ಟ್ರಕೂಟರ ಹೆಸರಿನ ಆಸರೆ ಬೇಡವಾದಾಗ. ಸೀಯಕನ ಮಗ ಮುಂಜ ಕಲ್ಯಾಣ ಚಾಲುಕ್ಯರ ಎರಡನೆಯ ತೈಲನ ಕೈಗೆ ಸಿಕ್ಕಿ ಪ್ರಾಣ ಕಳೆದುಕೊಂಡದ್ದು ಅದೇ ಹಗೆತನದ ಮುಂದಿನ ಅಧ್ಯಾಯ.

ಆಧುನಿಕ ಕಾಲದಲ್ಲಿ ಈ ಚರ್ಚೆಗೆ ಬುನಾದಿ ಹಾಕಿದವನು ಉದಯಪುರದಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಪೊಲಿಟಿಕಲ್ ಏಜೆಂಟ್ ಆಗಿದ್ದ ಜೇಮ್ಸ್ ಟಾಡ್. 1829 ಮತ್ತು 1832ರಲ್ಲಿ ಎರಡು ಸಂಪುಟಗಳಾಗಿ ಬಂದ ಅವನ ರಾಜಸ್ಥಾನದ ಇತಿಹಾಸ ರಜಪೂತರನ್ನು ಮಧ್ಯ ಏಷ್ಯಾದ ಶಕರ ವಂಶಕ್ಕೆ ಸೇರಿಸಿತು. ಕುದುರೆಯ ಪೂಜೆ ಮತ್ತು ಆಯುಧದ ಆರಾಧನೆಯಂಥ ಹೋಲಿಕೆಗಳೇ ಅವನಿಗೆ ಆಧಾರ. ವಿನ್ಸೆಂಟ್ ಸ್ಮಿತ್ ಹೂಣ ಮತ್ತು ಗುರ್ಜರರ ಕಡೆ ಬೆರಳು ತೋರಿದ. ಇದಕ್ಕೆ ಎದುರಾಗಿ ಸಿ.ವಿ. ವೈದ್ಯ, ಗೌರೀಶಂಕರ ಹೀರಾಚಂದ ಓಝಾ ಮೊದಲಾದವರು ರಜಪೂತರು ವೇದಕಾಲದ ಕ್ಷತ್ರಿಯರ ನೇರ ಸಂತತಿಯೆಂದು ವಾದಿಸಿದರು. ಎರಡೂ ಪಕ್ಷಗಳು ಹುಡುಕಿದ್ದು ರಕ್ತದ ಮೂಲವನ್ನು. ಬಿ.ಡಿ. ಚಟ್ಟೋಪಾಧ್ಯಾಯರು ಪ್ರಶ್ನೆಯನ್ನೇ ಬದಲಿಸಿದರು. ಏಳರಿಂದ ಹನ್ನೆರಡನೆಯ ಶತಮಾನದವರೆಗೆ ರಾಜಸ್ಥಾನದಲ್ಲಿ ಹೊಸ ನೆಲ ಸಾಗುವಳಿಗೆ ಬಂದುದು, ಕೋಟೆಗಳು ಹೆಚ್ಚಿದ್ದು, ಅರಸರು ಬಂಧುಗಳಿಗೆ ಹಳ್ಳಿಗಳನ್ನು ಹಂಚಿದ್ದು, ಆಳುವ ಕುಲಗಳ ನಡುವೆ ಮದುವೆಯ ಜಾಲ ಹೆಣೆದುಕೊಂಡದ್ದು, ಇವುಗಳಿಂದ ರಜಪೂತರೆಂಬ ವರ್ಗ ರೂಪುಗೊಂಡ ಬಗೆಯನ್ನು ಅವರು ಶಾಸನಗಳ ಆಧಾರದಿಂದ ತೋರಿಸಿದರು. ಡಚ್ ವಿದ್ವಾಂಸ ಡರ್ಕ್ ಕೋಲ್ಫ್ 1990ರ ತನ್ನ ಗ್ರಂಥದಲ್ಲಿ ಈ ಬಾಗಿಲು ಹದಿನಾರನೆಯ ಶತಮಾನದವರೆಗೂ ತೆರೆದೇ ಇತ್ತೆಂದು ವಾದಿಸಿದ. ಬೇಸಾಯದ ನಡುವೆ ಸೈನ್ಯದ ಕೂಲಿಗೆ ಹೋಗುತ್ತಿದ್ದ ಗಂಗಾ ಬಯಲಿನ ಯುವಕರು ಸೇವೆಯ ಬಲದಿಂದಲೇ ರಜಪೂತರೆನಿಸಿಕೊಳ್ಳುತ್ತಿದ್ದರು.

ನೆಲ ಹಿಡಿದ ಬಗೆಯ ನೆನಪನ್ನು ರಜಪೂತ ಆಚರಣೆಗಳೇ ಉಳಿಸಿಕೊಂಡಿವೆ. ಮೇವಾಡದ ರಾಣಾ ಪಟ್ಟಕ್ಕೇರುವಾಗ ಭೀಲ ನಾಯಕ ತನ್ನ ಹೆಬ್ಬೆರಳ ರಕ್ತದಿಂದ ತಿಲಕವಿಡುವ ಪದ್ಧತಿ ಇತ್ತು. ಮೇವಾಡದ ರಾಜಲಾಂಛನದಲ್ಲಿ ಒಂದು ಪಕ್ಕ ರಜಪೂತ, ಇನ್ನೊಂದು ಪಕ್ಕ ಬಿಲ್ಲು ಹಿಡಿದ ಭೀಲ ನಿಂತಿದ್ದಾರೆ. ಆಮೇರ್ ಕೋಟೆಯ ನೆಲ ಕಛವಾಹರ ಕೈಗೆ ಬರುವ ಮೊದಲು ಮೀಣಾ ಜನರದಾಗಿತ್ತು.

ಕುಲ, ನೆಲ, ನಂಟು

ರಜಪೂತರು ತಮ್ಮನ್ನು ಸೂರ್ಯ, ಚಂದ್ರ ಮತ್ತು ಅಗ್ನಿ ಎಂಬ ಮೂರು ವಂಶಗಳಲ್ಲಿ, ಮೂವತ್ತಾರು ಕುಲಗಳಲ್ಲಿ ಎಣಿಸಿಕೊಳ್ಳುತ್ತಾರೆ. ಆ ಮೂವತ್ತಾರರ ಪಟ್ಟಿ ಒಂದು ಗ್ರಂಥದಲ್ಲಿ ಇದ್ದಂತೆ ಇನ್ನೊಂದರಲ್ಲಿ ಇಲ್ಲ. ಗುಹಿಲ ಕುಲದ ಶಿಸೋದಿಯರು (ಮೇವಾಡ), ಕಛವಾಹರು (ಆಮೇರ್, ಮುಂದೆ ಜಯಪುರ) ಮತ್ತು ರಾಠೋಡರು (ಜೋಧಪುರ, ಬಿಕಾನೇರ್) ಸೂರ್ಯವಂಶದವರು. ಜೈಸಲ್ಮೇರಿನ ಭಾಟಿಗಳು, ಕಚ್ಛಿನ ಜಾಡೇಜರು ಮತ್ತು ದೆಹಲಿಯನ್ನಾಳಿದ ತೋಮರರು ಚಂದ್ರವಂಶದವರು. ಬೂಂದಿ ಕೋಟಾಗಳ ಹಾಡಾಗಳು, ಸಿರೋಹಿಯ ದೇವಡಾಗಳು, ಜಾಲೋರಿನ ಸೋನಗರರು ಚೌಹಾಣ ಕುಲದ ಕವಲುಗಳು. ಖಜುರಾಹೊ ದೇಗುಲಗಳನ್ನು ಕಟ್ಟಿಸಿದ ಚಂದೇಲರು, ಓರ್ಛಾದ ಬುಂದೇಲರು, ಜಮ್ಮುವಿನ ಡೋಗ್ರಾ ಅರಸರು ರಾಜಸ್ಥಾನದ ಆಚೆಯ ಮುಖ್ಯ ಮನೆತನಗಳು.

ಕುಲ ಕವಲೊಡೆಯುತ್ತಿದ್ದುದು ನೆಲದ ಮೇಲೆ. ಸೀಹಾ ಎಂಬ ರಾಠೋಡ ನಾಯಕ ಪಾಲಿಯ ಬಳಿ 1273ರಲ್ಲಿ ಮಡಿದನೆಂದು ಬೀಠೂ ಗ್ರಾಮದ ಸ್ಮಾರಕಶಿಲೆ ಹೇಳುತ್ತದೆ. ಅವನ ಪೀಳಿಗೆಯ ರಾವ್ ಜೋಧಾ 1459ರಲ್ಲಿ ಜೋಧಪುರ ಕಟ್ಟಿದ. ಜೋಧಾನ ಮಗ ಬೀಕಾ ತಂದೆಯ ಸಿಂಹಾಸನಕ್ಕೆ ಕಾಯದೆ ಮರುಭೂಮಿಯ ಉತ್ತರಕ್ಕೆ ನಡೆದು 1488ರಲ್ಲಿ ಬಿಕಾನೇರ್ ಸ್ಥಾಪಿಸಿದ. ಜೋಧಾನ ಉಳಿದ ಮಕ್ಕಳು ಮತ್ತು ಸೋದರರ ಸಂತತಿ ಮೇಡತಿಯಾ, ಚಾಂಪಾವತ್, ಕೂಂಪಾವತ್, ಊದಾವತ್ ಎಂಬ ಶಾಖೆಗಳಾಗಿ ಮಾರವಾಡದ (ಜೋಧಪುರ ರಾಜ್ಯದ) ಠಿಕಾಣೆಗಳಲ್ಲಿ, ಅಂದರೆ ಜಾಗೀರುಗಳಲ್ಲಿ, ನೆಲೆಯಾಯಿತು. ಹೆಸರಿನ ಕೊನೆಯ ‘ಆವತ್’ ಮೂಲಪುರುಷನ ಗುರುತು: ಶೇಖಾನ ವಂಶದವರು ಶೇಖಾವತ್, ಚೂಂಡಾನ ವಂಶದವರು ಚೂಂಡಾವತ್. ಠಿಕಾಣೆಗಳ ಒಡೆಯರಾದ ಈ ಠಾಕುರರು ಅರಸನನ್ನು ಒಡೆಯನೆಂದು ಒಪ್ಪಿದರೂ ಆಳೆಂದು ತಮ್ಮನ್ನು ಒಪ್ಪಿಕೊಳ್ಳಲಿಲ್ಲ. ಅರಸ ಅಣ್ಣ, ತಾವು ತಮ್ಮಂದಿರು, ರಾಜ್ಯ ಎಲ್ಲರ ಪಾಲು ಎಂಬ ‘ಭಾಈಬಂಧ’ ಭಾವನೆ ಅವರಲ್ಲಿ ಗಟ್ಟಿಯಾಗಿತ್ತು. ಮಾರವಾಡ ಮೇವಾಡಗಳ ಒಳಜಗಳಗಳಲ್ಲಿ ಹಲವು ಇದರಿಂದಲೇ ಹುಟ್ಟಿದವು.

ಒಡೆತನ ಮತ್ತು ಬಂಧುತ್ವದ ನಡುವಿನ ಈ ಬಿಗುವನ್ನು ದರ್ಬಾರಿನ ಸಣ್ಣ ಸಣ್ಣ ಚಲನೆಗಳಲ್ಲಿ ಕಾಣಬಹುದಿತ್ತು. ಜೋಧಪುರದಲ್ಲಿ ಸರದಾರನೊಬ್ಬ ಬಂದು ಕತ್ತಿಯನ್ನು ಅರಸನ ಮುಂದಿಟ್ಟು ಅಂಗಿಯ ಅಂಚು ಮುಟ್ಟಿದಾಗ ಅರಸ ಅವನ ಭುಜದ ಮೇಲೆ ಕೈಯಿಟ್ಟರೆ ಅದು ‘ಬಾಂಹ ಪಸಾವ’. ಭುಜ ಮುಟ್ಟಿದ ಕೈಯನ್ನು ಅರಸ ತನ್ನ ಎದೆಗೆ ತಂದುಕೊಂಡರೆ ಅದು ‘ಹಾಥ ಕಾ ಕುರಬ’, ಇನ್ನೂ ದೊಡ್ಡ ಗೌರವ. ಯಾವ ಮನೆತನಕ್ಕೆ ಯಾವುದು ಸಲ್ಲಬೇಕೆಂಬುದು ತಲೆಮಾರುಗಳಿಂದ ನಿಗದಿಯಾಗಿತ್ತು. ಮನೆಯೊಳಗೂ ಇಂಥದೇ ಲೆಕ್ಕ: ತಂದೆ ಬದುಕಿರುವವರೆಗೆ ಮಗ ‘ಕುಂವರ್’, ಅಜ್ಜ ಬದುಕಿದ್ದರೆ ಮೊಮ್ಮಗ ‘ಭಂವರ್’. ಹೆಣ್ಣುಮಕ್ಕಳ ಹೆಸರಿಗೆ ‘ಕಂವರ್’ ಸೇರುತ್ತದೆ. ಹಿರಿಯರಿಗೆ ‘ಖಮ್ಮಾ ಘಣೀ’ ಎಂದು ವಂದಿಸುವುದು, ಮಾತಿಗೆ ‘ಹುಕುಂ’ ಎಂದು ಓಗೊಡುವುದು ಇಂದಿಗೂ ರಾಜಸ್ಥಾನದ ರಜಪೂತ ಮನೆಗಳ ರೂಢಿ.

ಸ್ವಂತ ಕುಲದಲ್ಲಿ ಮದುವೆ ನಿಷಿದ್ಧ. ಈ ನಿಯಮದ ಬಿಗಿಯನ್ನು ತಿಳಿಯಲು ಪಾಕಿಸ್ತಾನದ ಥರ್ಪಾರ್ಕರ್ ಮತ್ತು ಉಮರಕೋಟದ ಸೋಢಾ ರಜಪೂತರನ್ನು ನೋಡಬೇಕು. ಇವರ ಪೂರ್ವಜನಾದ ಉಮರಕೋಟದ ರಾಣಾನ ಆಶ್ರಯದಲ್ಲೇ 1542ರಲ್ಲಿ ಅಕ್ಬರ್ ಹುಟ್ಟಿದ್ದು. ಸುತ್ತಲಿರುವ ಹಿಂದೂ ರಜಪೂತರು ಬಹುಪಾಲು ತಮ್ಮದೇ ಕುಲದವರಾದ್ದರಿಂದ ಸೋಢಾಗಳು ವಧೂವರರಿಗಾಗಿ ರಾಜಸ್ಥಾನ ಮತ್ತು ಗುಜರಾತಿಗೇ ಬರಬೇಕು. 2006ರಲ್ಲಿ ಶುರುವಾದ ಥಾರ್ ಎಕ್ಸ್‌ಪ್ರೆಸ್ ರೈಲು ಈ ನಂಟುಗಳಿಗೆ ದಾರಿಯಾಗಿತ್ತು. 2019ರ ಆಗಸ್ಟಿನಲ್ಲಿ ಅದು ನಿಂತಿತು.

ದೇವಿ, ಚಾರಣ, ಫಡ್

ಪ್ರತಿ ಕುಲಕ್ಕೂ ಒಬ್ಬಳು ಕುಲದೇವಿ: ಕಛವಾಹರಿಗೆ ಜಮವಾಯ್ ಮಾತಾ, ಶಿಸೋದಿಯರಿಗೆ ಬಾಣಮಾತಾ, ಚೌಹಾಣರಿಗೆ ಆಶಾಪುರಾ ಅಥವಾ ಶಾಕಂಭರಿ. ರಾಠೋಡರ ಕುಲದೇವಿ ನಾಗಣೇಚಿಯ ಮೂರ್ತಿಯನ್ನು ಅವರ ಪೂರ್ವಜ ರಾವ್ ಧೂಹಡ ಕರ್ನಾಟಕದಿಂದ ತಂದು ನಾಗಾಣಾ ಗ್ರಾಮದಲ್ಲಿ ಸ್ಥಾಪಿಸಿದನೆಂಬ ಐತಿಹ್ಯ ಮಾರವಾಡದಲ್ಲಿ ಪ್ರಚಲಿತ. ರಾಠೋಡ ಎಂಬ ಹೆಸರು ರಾಷ್ಟ್ರಕೂಟ ಶಬ್ದಕ್ಕೆ ಹತ್ತಿರವಿರುವುದನ್ನೂ, ಹತ್ತನೆಯ ಶತಮಾನದಲ್ಲೇ ರಾಜಸ್ಥಾನದ ಹಥೂಂಡಿಯಲ್ಲಿ ರಾಷ್ಟ್ರಕೂಟ ಶಾಖೆಯೊಂದು ಆಳುತ್ತಿದ್ದುದನ್ನೂ ಇದರ ಜೊತೆಗಿಟ್ಟು ನೋಡಬಹುದು. ಆದರೆ ಮಾನ್ಯಖೇಟಕ್ಕೂ ಜೋಧಪುರಕ್ಕೂ ನೇರ ವಂಶಸಂಬಂಧ ಹೇಳುವಷ್ಟು ಪುರಾವೆ ಇಲ್ಲ. ಮೇವಾಡದಲ್ಲಿ ರಾಜ್ಯದ ಒಡೆಯ ಏಕಲಿಂಗಜಿ ಎಂಬ ಶಿವ. ಮಹಾರಾಣಾ ಅವನ ದಿವಾನ. ದಸರೆಯಲ್ಲಿ ಆಯುಧ ಮತ್ತು ಕುದುರೆಯ ಪೂಜೆ, ಖೇಜಡಿ ಮರದ ಪೂಜೆ ನಡೆಯುತ್ತವೆ. ಮರುಭೂಮಿಯ ಆ ಖೇಜಡಿ ನಮ್ಮ ಬನ್ನಿಯೇ.

ರಜಪೂತರ ಕೀರ್ತಿಯನ್ನು ಕಾಯ್ದವರು ಚಾರಣರು. ಡಿಂಗಲ್ ಶೈಲಿಯಲ್ಲಿ ಕಾವ್ಯ ಕಟ್ಟಿ ಹಾಡುತ್ತಿದ್ದ ಇವರು ಹೊಗಳುಭಟರಷ್ಟೇ ಆಗಿರಲಿಲ್ಲ. ಒಪ್ಪಂದಕ್ಕೆ ಜಾಮೀನಾಗಿ ನಿಲ್ಲುತ್ತಿದ್ದರು. ಮಾತು ಮುರಿದರೆ ತಮ್ಮ ಮೈಯನ್ನೇ ಗಾಯ ಮಾಡಿಕೊಂಡು ಮುರಿದವನ ಮೇಲೆ ಪಾಪ ಹೊರಿಸುತ್ತಿದ್ದರು. ದೇಶನೋಕದಲ್ಲಿ ದೇವಿಯಾಗಿ ಪೂಜೆಗೊಳ್ಳುವ ಕರಣಿ ಮಾತಾ ಚಾರಣ ಕುಲದ ಹೆಣ್ಣುಮಗಳು. ಗದ್ಯದ ಇತಿಹಾಸ ಬರೆದವರಲ್ಲಿ ಮುಂಚೂಣಿಯವನು ಜೋಧಪುರದ ದಿವಾನನಾಗಿದ್ದ, ಓಸವಾಲ ಜೈನನಾದ ಮುಂಹತಾ ನೈಣಸಿ. ಹದಿನೇಳನೆಯ ಶತಮಾನದ ಅವನ ‘ಖ್ಯಾತ್’ ಕುಲಕುಲಗಳ ಕಥನಗಳನ್ನು ಒಟ್ಟುಮಾಡಿದರೆ, ‘ವಿಗತ್’ ಮಾರವಾಡದ ಪರಗಣೆಗಳ ಹಳ್ಳಿ, ಬಾವಿ, ಬೆಳೆ ಮತ್ತು ಕಂದಾಯಗಳನ್ನು ಲೆಕ್ಕ ಹಾಕುತ್ತದೆ. ವೀರಗಾಥೆಗಳ ಬೆಳಕಿನಲ್ಲಿ ಮಾತ್ರ ರಜಪೂತರನ್ನು ನೋಡುವವರಿಗೆ ಈ ಎರಡನೆಯ ಪುಸ್ತಕ ಹೆಚ್ಚು ಬೇಕು. ತನ್ನ ಅರಸನ ಅವಕೃಪೆಗೆ ಸಿಕ್ಕ ನೈಣಸಿ 1670ರಲ್ಲಿ ಸೆರೆಯಲ್ಲಿ ಆತ್ಮಹತ್ಯೆ ಮಾಡಿಕೊಂಡ.

ಜನಪದದ ನೆನಪು ಇನ್ನೂ ಬೇರೆ. ರಾಠೋಡ ವೀರ ಪಾಬೂಜಿ ಮದುವೆಯ ಸಪ್ತಪದಿ ಮುಗಿಯುವ ಮೊದಲೇ ಎದ್ದು, ಚಾರಣ ಹೆಣ್ಣು ದೇವಲಳ ದನಗಳನ್ನು ಕಾಯಲು ಹೋಗಿ ಮಡಿದವನು. ಅವನ ಕಥೆಯನ್ನು ಹಾಡುವವರು ನಾಯಕ ಎಂಬ ದಲಿತ ಸಮುದಾಯದ ಭೋಪಾಗಳು. ಸಂಜೆಯಾದ ಮೇಲೆ ಊರ ಬಯಲಿನಲ್ಲಿ ಹದಿನೈದು ಅಡಿಯಷ್ಟು ಉದ್ದದ ಚಿತ್ರಪಟವನ್ನು ಎರಡು ಕಂಬಗಳ ನಡುವೆ ಬಿಗಿಯುತ್ತಾರೆ. ಇದೇ ಫಡ್. ಭೋಪಾ ತೆಂಗಿನ ಕರಟದಿಂದ ಮಾಡಿದ ರಾವಣಹತ್ಥಾ ನುಡಿಸುತ್ತ ಹೆಜ್ಜೆ ಹಾಕುತ್ತಾನೆ; ಕಮಾನಿಗೆ ಕಟ್ಟಿದ ಗೆಜ್ಜೆಗಳು ತಾಳಕ್ಕೆ ಕುಲುಕುತ್ತವೆ. ಹೆಂಡತಿ ಭೋಪಿ ದೀಪ ಹಿಡಿದು ಹಾಡಿನ ಸನ್ನಿವೇಶ ಪಟದ ಯಾವ ಮೂಲೆಯಲ್ಲಿದೆಯೋ ಅಲ್ಲಿಗೆ ಬೆಳಕು ಒಯ್ಯುತ್ತಾಳೆ. ಆ ಪಟ ಭಕ್ತರಿಗೆ ಚಿತ್ರವಲ್ಲ, ದೇವಾಲಯ. ಬಣ್ಣ ಮಾಸಿ ಹರಿದ ಪಟವನ್ನು ಎಸೆಯುವಂತಿಲ್ಲ, ಪುಷ್ಕರದ ನೀರಿನಲ್ಲಿ ವಿಸರ್ಜಿಸಬೇಕು. ತೋಮರ ಕುಲದ ರಾಮದೇವ, ಚೌಹಾಣ ಗೋಗಾಜಿ ಮೊದಲಾದವರನ್ನು ಹಿಂದೂ ಮುಸಲ್ಮಾನರಿಬ್ಬರೂ ಪೂಜಿಸುತ್ತಾರೆ. ‘ಪೀರ್’ ಎಂದೇ ಕರೆಯುತ್ತಾರೆ.

ಸಾಕಾ ಮತ್ತು ಜೌಹರ್

ಕೋಟೆ ಉಳಿಯದೆಂದು ಖಚಿತವಾದಾಗ ಗಂಡಸರು ಕೇಸರಿ ಉಟ್ಟು ಬಾಗಿಲು ತೆರೆದು ಸಾಯುವವರೆಗೆ ಕಾದುವುದು ಸಾಕಾ. ಅದಕ್ಕೆ ಮೊದಲು ಹೆಂಗಸರು ಮಕ್ಕಳೊಡನೆ ಬೆಂಕಿಗೆ ಬೀಳುವುದು ಜೌಹರ್. 1301ರಲ್ಲಿ ಅಲಾವುದ್ದೀನ್ ಖಿಲ್ಜಿ ರಣಥಂಭೋರನ್ನು ಗೆದ್ದಾಗ ನಡೆದ ಜೌಹರನ್ನು ಸಮಕಾಲೀನ ಅಮೀರ್ ಖುಸ್ರೊ ದಾಖಲಿಸಿದ್ದಾನೆ. ಚಿತ್ತೋಡಿನಲ್ಲಿ ಪರಂಪರೆ ಮೂರನ್ನು ಎಣಿಸುತ್ತದೆ: 1303, 1535, 1568. 1303ರ ಮುತ್ತಿಗೆಯಲ್ಲಿ ಖುಸ್ರೊ ಸ್ವತಃ ಸುಲ್ತಾನನ ಜೊತೆಗಿದ್ದರೂ ಅಲ್ಲಿನ ಜೌಹರನ್ನಾಗಲಿ ರಾಣಿ ಪದ್ಮಿನಿಯನ್ನಾಗಲಿ ಹೆಸರಿಸಿಲ್ಲ. ಪದ್ಮಿನಿಯ ಕಥೆ ರೂಪುಗೊಂಡದ್ದು 1540ರಲ್ಲಿ ಸೂಫಿ ಕವಿ ಜಾಯಸಿ ಅವಧಿ ಭಾಷೆಯಲ್ಲಿ ಬರೆದ ‘ಪದ್ಮಾವತ’ದಲ್ಲಿ. ಜೌಹರ್ ರಜಪೂತರಿಗಷ್ಟೇ ಸೀಮಿತವಾಗಿರಲೂ ಇಲ್ಲ. 1327ರಲ್ಲಿ ಮುಹಮ್ಮದ್ ಬಿನ್ ತುಘಲಕನ ಸೈನ್ಯ ಕಂಪಿಲಿಯನ್ನು ಮುತ್ತಿದಾಗ, ನಮ್ಮ ಕುಮಾರರಾಮನ ತಂದೆ ಕಂಪಿಲರಾಯನ ಅಂತಃಪುರದ ಹೆಂಗಸರು ಬೆಂಕಿಗೆ ಬಿದ್ದುದನ್ನು ಇಬ್ನ್ ಬತೂತಾ ಬರೆದಿದ್ದಾನೆ.

ಈ ಸಾವುಗಳನ್ನು ಹಾಡಿದವರು ಬಹಳ, ಆದರೆ ಕೋಟೆಯೊಳಗೆ ಸಿಕ್ಕಿಬಿದ್ದ ರೈತರನ್ನು ನೆನೆದವರು ಕಡಿಮೆ. 1568ರಲ್ಲಿ ಚಿತ್ತೋಡು ಬಿದ್ದ ಮೇಲೆ ಅಕ್ಬರನ ಆಜ್ಞೆಯಂತೆ ನಡೆದ ಕಗ್ಗೊಲೆಯಲ್ಲಿ ಸುಮಾರು 30,000 ಜನ ಸತ್ತರೆಂದು ಮೊಗಲರ ದಾಖಲೆಯೇ ಹೇಳುತ್ತದೆ. ಅವರಲ್ಲಿ ಹೆಚ್ಚಿನವರು ಆಶ್ರಯ ಬೇಡಿ ಒಳಬಂದ ಹಳ್ಳಿಗರು.

ಮೊಗಲರೊಡನೆ, ದಖ್ಖನಿನೊಡನೆ

ರಜಪೂತರೆಲ್ಲ ಒಂದಾಗಿ ಮೊಗಲರನ್ನು ಎದುರಿಸಿದರು ಎಂಬುದಾಗಲಿ, ಮೇವಾಡ ಬಿಟ್ಟು ಉಳಿದವರು ಮಾನ ಮಾರಿಕೊಂಡರು ಎಂಬುದಾಗಲಿ ಸರಿಯಲ್ಲ. 1562ರಲ್ಲಿ ಆಮೇರಿನ ಭಾರಮಲ್ಲ ಮಗಳನ್ನು ಅಕ್ಬರನಿಗೆ ಕೊಟ್ಟ. ಆ ಮನೆತನದ ಮಾನಸಿಂಹ ಸಾಮ್ರಾಜ್ಯದ ಅತಿ ಎತ್ತರದ ಮನಸಬ್‌ದಾರರಲ್ಲಿ ಒಬ್ಬನಾದ. 1576ರ ಜೂನ್‌ನಲ್ಲಿ ಹಲ್ದಿಘಾಟಿಯಲ್ಲಿ ಮಹಾರಾಣಾ ಪ್ರತಾಪನ ಎದುರು ಮೊಗಲ ಸೈನ್ಯವನ್ನು ನಡೆಸಿದವನು ಅದೇ ಮಾನಸಿಂಹ. ಪ್ರತಾಪನ ಪಕ್ಷದಲ್ಲಿ ಮುಂದಿನ ಸಾಲಿನಲ್ಲಿದ್ದವನು ಆಫ್ಘನ್ ಹಕೀಮ್ ಖಾನ್ ಸೂರ್. ಪ್ರತಾಪ ಅಡವಿ ಬೆಟ್ಟಗಳ ಆಸರೆಯಲ್ಲಿ, ಭೀಲರ ನೆರವಿನಲ್ಲಿ ಹೋರಾಟ ಮುಂದುವರಿಸಿ 1597ರಲ್ಲಿ ಸಾಯುವ ಮೊದಲು ಮೇವಾಡದ ಬಹುಭಾಗವನ್ನು ಮರಳಿ ಪಡೆದ. ಸಂಪತ್ತನ್ನೂ ಪದವಿಯನ್ನೂ ಬಿಟ್ಟು ಅಷ್ಟು ವರ್ಷ ತಲೆಬಾಗದೆ ಉಳಿದದ್ದು ದೊಡ್ಡದು, ಅದಕ್ಕೆ ಅಲಂಕಾರದ ಹಂಗಿಲ್ಲ. 1615ರಲ್ಲಿ ಅವನ ಮಗ ಅಮರಸಿಂಹ ಜಹಾಂಗೀರನೊಡನೆ ಸಂಧಿ ಮಾಡಿಕೊಂಡ. ರಾಣಾ ಖುದ್ದಾಗಿ ದರ್ಬಾರಿಗೆ ಬರಬೇಕಿಲ್ಲವೆಂಬುದು ಅದರ ಮುಖ್ಯ ಷರತ್ತು.

ಮೊಗಲ ಸೇವೆ ರಜಪೂತರನ್ನು ದಖ್ಖನಿಗೂ ತಂದಿತು. ಮಿರ್ಜಾ ರಾಜಾ ಜಯಸಿಂಹ 1665ರಲ್ಲಿ ಶಿವಾಜಿಯೊಡನೆ ಪುರಂದರ ಒಪ್ಪಂದ ಮಾಡಿಕೊಂಡು ಬಿಜಾಪುರದ ಮೇಲೆ ದಂಡೆತ್ತಿ ಬಂದ, ಗೆಲ್ಲಲಾಗಲಿಲ್ಲ. ಬಿಕಾನೇರಿನ ಅನೂಪಸಿಂಹ ದಖ್ಖನಿನ ಯುದ್ಧಗಳ ನಡುವೆ ಸಂಸ್ಕೃತ ಹಸ್ತಪ್ರತಿಗಳನ್ನು ಸಂಗ್ರಹಿಸಿ ಊರಿಗೆ ಕಳಿಸಿದ; ಬಿಕಾನೇರಿನ ಅನೂಪ ಸಂಸ್ಕೃತ ಗ್ರಂಥಾಲಯ ಅದರ ಫಲ. ಅವನು 1698ರಲ್ಲಿ ತೀರಿಕೊಂಡದ್ದು ಆದವಾನಿಯಲ್ಲಿ. ರಜಪೂತ ವಂಶದ ಹೆಸರಿಗೆ ದಕ್ಷಿಣದಲ್ಲಿ ಎಂಥ ಬೆಲೆಯಿತ್ತೆಂಬುದು 1674ರಲ್ಲಿ ಶಿವಾಜಿಯ ಪಟ್ಟಾಭಿಷೇಕಕ್ಕೆ ಶಿಸೋದಿಯ ವಂಶಾವಳಿ ಬೇಕಾದದ್ದರಿಂದ ತಿಳಿಯುತ್ತದೆ. ಮುಧೋಳದ ಘೋರ್ಪಡೆಗಳೂ ಅದೇ ಮೂಲ ಹೇಳಿಕೊಂಡವರು.

ಅಂತಃಪುರ ಮತ್ತು ಹೊಲ

ರಜಪೂತ ಮರ್ಯಾದೆಯ ಭಾರ ಹೆಚ್ಚಾಗಿ ಬಿದ್ದದ್ದು ಹೆಂಗಸರ ಮೇಲೆ. ಜೋಧಪುರದ ಮೆಹರಾನ್‌ಗಢ ಕೋಟೆಯ ಲೋಹಾಪೋಲ್ ಬಾಗಿಲಿನ ಪಕ್ಕ ಗೋಡೆಯಲ್ಲಿ ಸಣ್ಣ ಸಣ್ಣ ಕೈಗುರುತುಗಳ ಸಾಲಿದೆ. 1843ರಲ್ಲಿ ಮಹಾರಾಜ ಮಾನಸಿಂಹ ತೀರಿಕೊಂಡಾಗ ಸತಿ ಹೋದ ರಾಣಿಯರವು ಎಂದು ಹೇಳುತ್ತಾರೆ. ಈಗ ಅವಕ್ಕೆ ಸಿಂಧೂರ ಹಚ್ಚಿ ಬೆಳ್ಳಿಯ ಹಾಳೆ ಅಂಟಿಸುತ್ತಾರೆ. ಬ್ರಿಟಿಷ್ ಆಡಳಿತದ ಬಂಗಾಳದಲ್ಲಿ 1829ರಲ್ಲೇ ಸತಿ ನಿಷಿದ್ಧವಾಗಿತ್ತು. 1987ರ ಸೆಪ್ಟೆಂಬರಿನಲ್ಲಿ ಸೀಕರ್ ಜಿಲ್ಲೆಯ ದೇವರಾಲಾದಲ್ಲಿ ಹರೆಯದ ವಿಧವೆಯೊಬ್ಬಳು ಗಂಡನ ಚಿತೆಯಲ್ಲಿ ಸುಟ್ಟುಹೋದ ಬಳಿಕ ಸತಿಯ ವೈಭವೀಕರಣವನ್ನೂ ಅಪರಾಧವಾಗಿಸುವ ಕೇಂದ್ರ ಕಾಯ್ದೆ ಬಂತು.

ಮಗಳನ್ನು ತಮಗಿಂತ ಮೇಲಿನ ಮನೆಗೇ ಕೊಡಬೇಕೆಂಬ ಹಟ, ವರದಕ್ಷಿಣೆ, ಮದುವೆಗೆ ಬಂದ ಚಾರಣಭಾಟರಿಗೆ ಕೊಡಬೇಕಿದ್ದ ತ್ಯಾಗದ ಹಣ, ಇವೆಲ್ಲ ಸೇರಿ ಹಲವು ಕುಲಗಳಲ್ಲಿ ಹೆಣ್ಣುಶಿಶುಹತ್ಯೆಗೆ ಕಾರಣವಾದವು. 1808ರಲ್ಲಿ ಕಾಠಿಯಾವಾಡದ ಜಾಡೇಜ ಒಡೆಯರಿಂದ ಕಂಪನಿಯ ಅಧಿಕಾರಿ ಅಲೆಗ್ಸಾಂಡರ್ ವಾಕರ್ ಮುಚ್ಚಳಿಕೆ ಬರೆಸಿಕೊಂಡರೂ ಪದ್ಧತಿ ನಿಲ್ಲದೆ 1870ರಲ್ಲಿ ಕಾನೂನು ತರಬೇಕಾಯಿತು. ವಧುವಿನ ಜೊತೆಗೆ ದಾಸಿಯರನ್ನು ಬಳುವಳಿಯಾಗಿ ಕಳಿಸುತ್ತಿದ್ದುದೂ, ಅವರ ಮಕ್ಕಳು ಠಿಕಾಣೆಯ ಆಳಾಗಿಯೇ ಬೆಳೆಯುತ್ತಿದ್ದುದೂ ಈ ಪರಂಪರೆಯ ಭಾಗ. ಇದನ್ನು ಬಿಟ್ಟು ಬರೆದ ಇತಿಹಾಸ ಅರ್ಧ ಇತಿಹಾಸ.

ಆ ಕಟ್ಟಳೆಗಳನ್ನು ಧಿಕ್ಕರಿಸಿದವಳೂ ರಜಪೂತ ಹೆಣ್ಣೇ. ಮೇಡತಿಯಾ ರಾಠೋಡರ ಮನೆಯ ಮೀರಾಬಾಯಿ ಮೇವಾಡದ ರಾಣಾ ಸಾಂಗಾನ ಮಗ ಭೋಜರಾಜನಿಗೆ ಹೆಂಡತಿಯಾಗಿ ಬಂದವಳು; ಗಂಡ ಸತ್ತ ಮೇಲೆ ಸತಿಯಾಗದೆ, ಪರದೆಯಲ್ಲಿ ಕೂರದೆ ಸಾಧುಗಳ ನಡುವೆ ಕೃಷ್ಣನನ್ನು ಹಾಡಿದಳು. ಅರಮನೆ ಅವಳ ಹೆಸರನ್ನು ಬಹುಕಾಲ ದೂರವಿಟ್ಟಿತು. ಅವಳ ಪದಗಳನ್ನು ಬಾಯಿಂದ ಬಾಯಿಗೆ ಉಳಿಸಿಕೊಂಡವರು ನೇಕಾರರು, ರೈತರು, ದಲಿತರು.

ಠಾಕುರನ ಹೊಲದಲ್ಲಿ ದುಡಿಯುವವರ ಪಾಡೂ ದಾಖಲಾಗಿದೆ. ಮೇವಾಡದ ಬಿಜೋಲಿಯಾ ಠಿಕಾಣೆಯಲ್ಲಿ ರೈತ ಮಗಳ ಮದುವೆ ಮಾಡಿದರೆ ಐದು ರೂಪಾಯಿ ‘ಚಂವರಿ’ ತೆರಿಗೆ ಕೊಡಬೇಕೆಂದು 1903ರಲ್ಲಿ ಆಜ್ಞೆಯಾಯಿತು. ಲಾಗ್-ಬಾಗ್ ಎಂಬ ಹತ್ತಾರು ವಂತಿಗೆಗಳು, ಬಿಟ್ಟಿ ದುಡಿಮೆ ಅದಕ್ಕೂ ಮೊದಲೇ ಇದ್ದವು. 1897ರಲ್ಲಿ ಆರಂಭವಾದ ಅಲ್ಲಿನ ರೈತ ಹೋರಾಟ, ಮುಂದೆ ವಿಜಯಸಿಂಹ ಪಥಿಕ್ ಮತ್ತು ಮಾಣಿಕ್ಯಲಾಲ್ ವರ್ಮಾರ ಮುಂದಾಳುತನದಲ್ಲಿ, 1941ರವರೆಗೆ ನಡೆಯಿತು.

ಬ್ರಿಟಿಷರ ಕಾಲ ಮತ್ತು ಆಮೇಲೆ

ಮರಾಠರ ಮತ್ತು ಪಿಂಡಾರಿಗಳ ಹಾವಳಿಯಿಂದ ಬಳಲಿದ್ದ ರಜಪೂತ ಸಂಸ್ಥಾನಗಳು 1817–18ರಲ್ಲಿ ಕಂಪನಿಯೊಡನೆ ಒಪ್ಪಂದ ಮಾಡಿಕೊಂಡವು. 1857ರಲ್ಲಿ ರಾಜಸ್ಥಾನದ ಅರಸರು ಬಹುಮಟ್ಟಿಗೆ ಬ್ರಿಟಿಷರ ಕಡೆ ನಿಂತರೆ, ಬಿಹಾರದ ಜಗದೀಶಪುರದಲ್ಲಿ ಎಂಬತ್ತರ ಹತ್ತಿರದ ಕುಂವರ್ ಸಿಂಹ ಕತ್ತಿ ಹಿಡಿದ. ಸೈನ್ಯಸೇವೆಯ ಪರಂಪರೆ ರಜಪೂತಾನಾ ರೈಫಲ್ಸ್ (1775) ಮತ್ತು ರಜಪೂತ ರೆಜಿಮೆಂಟ್ (1778) ರೂಪದಲ್ಲಿ ಇಂದಿಗೂ ಮುಂದುವರಿದಿದೆ. 1918ರ ಸೆಪ್ಟೆಂಬರ್ 23ರಂದು ಪ್ಯಾಲೆಸ್ಟೈನಿನ ಹೈಫಾ ನಗರವನ್ನು ಗೆದ್ದ ಅಶ್ವದಳದಲ್ಲಿ ಜೋಧಪುರ ಲ್ಯಾನ್ಸರ್ಸ್ ಜೊತೆಗೆ ನಮ್ಮ ಮೈಸೂರು ಲ್ಯಾನ್ಸರ್ಸ್ ಇತ್ತು. ಮೈಸೂರಿನವರು ಕಾರ್ಮೆಲ್ ಬೆಟ್ಟದ ಫಿರಂಗಿಗಳ ಮೇಲೆ ಏರಿಹೋದರೆ, ಜೋಧಪುರದವರು ಭರ್ಜಿ ಹಿಡಿದು ಊರಿಗೆ ನುಗ್ಗಿದರು. ಅವರನ್ನು ಮುನ್ನಡೆಸಿದ ಮೇಜರ್ ದಲಪತ ಸಿಂಹ ಶೇಖಾವತ್ ಅಲ್ಲೇ ಮಡಿದ. ದೆಹಲಿಯ ತೀನ್ ಮೂರ್ತಿಯ ಮೂವರು ಯೋಧರು ಹೈದರಾಬಾದ್, ಮೈಸೂರು ಮತ್ತು ಜೋಧಪುರದ ಸಂಕೇತ.

ಸಂಸ್ಥಾನಗಳು ವಿಲೀನಗೊಂಡು 1949ರ ಮಾರ್ಚ್ 30ರಂದು ರಾಜಸ್ಥಾನ ರೂಪುಗೊಂಡಿತು. 1952ರ ಜಾಗೀರು ರದ್ದತಿ ಕಾಯ್ದೆ ದೊಡ್ಡ ಅರಸರಿಗಿಂತ ಹೆಚ್ಚಾಗಿ ಸಣ್ಣ ರಜಪೂತ ಕುಟುಂಬಗಳನ್ನು ತಟ್ಟಿತು. ಭೂಸ್ವಾಮಿ ಚಳವಳಿ ಅವರ ಅಸಮಾಧಾನದ ರೂಪ. ಅದೇ ಸಮುದಾಯದ ಭೈರೋನ್ ಸಿಂಗ್ ಶೇಖಾವತ್ ರೈತರ ಪರ ನಿಂತು ಜಾಗೀರು ರದ್ದತಿಯನ್ನು ಬೆಂಬಲಿಸಿದರು. ಮುಂದೆ ಅವರು ಮುಖ್ಯಮಂತ್ರಿ ಮತ್ತು ಉಪರಾಷ್ಟ್ರಪತಿಯಾದರು. 1971ರಲ್ಲಿ ರಾಜಧನ ನಿಂತಿತು. ಹಲವು ಅರಮನೆ ಕೋಟೆಗಳು ಹೋಟೆಲುಗಳಾದವು.

ಕರ್ನಾಟಕದಲ್ಲಿ ಬೊಂದಿಲಿ ಎಂಬ ಹೆಸರಿನ ಸಣ್ಣ ಸಮುದಾಯ ಬುಂದೇಲಖಂಡದಿಂದ ಸೈನ್ಯದೊಡನೆ ಬಂದ ರಜಪೂತರ ಸಂತತಿಯೆಂದು ಹೇಳಿಕೊಳ್ಳುತ್ತದೆ. ದ್ವಾರಕೆಯ ಯದುವಂಶದ ಮೂಲ ಹೇಳುವ ಮೈಸೂರು ಒಡೆಯರು 1900ರಲ್ಲಿ ಕಾಠಿಯಾವಾಡದ ವಾಣಾ ಮನೆತನದ ಪ್ರತಾಪಕುಮಾರಿಯವರನ್ನು ನಾಲ್ವಡಿ ಕೃಷ್ಣರಾಜ ಒಡೆಯರಿಗೆ ತಂದುಕೊಂಡರು. 2016ರಲ್ಲಿ ಡೂಂಗರಪುರದ ರಾಜಮನೆತನದ ನಂಟು ಕೂಡಿತು.

ಎಲ್ಲ ಜಾತಿಗಳ ಅಂಕಿಗಳನ್ನು ಪೂರ್ಣವಾಗಿ ಪ್ರಕಟಿಸಿದ ಕೊನೆಯ ಜನಗಣತಿ 1931ರದು. ಆದ್ದರಿಂದ ಇಂದಿನ ಭಾರತದಲ್ಲಿ ರಜಪೂತರು ಇಷ್ಟೇ ಜನ ಎಂದು ಹೇಳುವ ಯಾವ ಲೆಕ್ಕವೂ ಅಂದಾಜು ಮಾತ್ರ.